ಬಸ್ಟರ್ ಕೀಟನ್: ಪದೇ ಪದೇ ಕೇಳುವ ಪ್ರಶ್ನೆಗಳು

ಚಾಪ್ಲಿನ್ ಗೊತ್ತು. ಈ ಬಸ್ಟರ್ ಕೀಟನ್ ಯಾರು?

ಚಾಪ್ಲಿನ್ ಕಾಲದವನೇ, ಅವನಷ್ಟೇ ದೊಡ್ಡವನು. ಅಮೆರಿಕದ ಮೂಕಿ ಚಿತ್ರಗಳ ಹಾಸ್ಯನಟ, ನಿರ್ದೇಶಕ. ಪೂರ್ತಿ ಹೆಸರು ಜೋಸೆಫ್ ಫ್ರಾಂಕ್ ಕೀಟನ್. 1895ರ ಅಕ್ಟೋಬರ್ 4ರಂದು ಹುಟ್ಟಿದ, 1966ರ ಫೆಬ್ರವರಿ 1ರಂದು ತೀರಿಕೊಂಡ. ತಲೆ ಮೇಲೆ ಚಪ್ಪಟೆ ಟೋಪಿ, ದೊಡ್ಡ ಕಣ್ಣು, ಏನೇ ಆದರೂ ನಗದ ಮುಖ. 1920ರ ದಶಕದ ಹಾಸ್ಯ ಅಂದರೆ ಚಾಪ್ಲಿನ್, ಹೆರಾಲ್ಡ್ ಲಾಯ್ಡ್, ಕೀಟನ್ ಎಂದು ಮೂರು ಹೆಸರು ಒಟ್ಟಿಗೇ ಬರುತ್ತವೆ. ಮೂವರಲ್ಲಿ ಇವತ್ತು ನೋಡಿದರೂ ಹಳಬ ಅನ್ನಿಸದವನು ಕೀಟನ್ ಅನ್ನೋದು ನನ್ನ ಅಭಿಪ್ರಾಯ. ಒಪ್ಪದವರು ಬೇಕಾದಷ್ಟು ಜನ ಇದ್ದಾರೆ.

ಹುಟ್ಟಿದ್ದು ಎಲ್ಲಿ? ಸಿನಿಮಾ ಮನೆತನವಾ?

ಸಿನಿಮಾ ಅನ್ನೋದೇ ಆಗ ಕಣ್ಣುಬಿಡುತ್ತಿತ್ತು. ಅಪ್ಪ ಜೋ, ಅಮ್ಮ ಮೈರಾ ಇಬ್ಬರೂ ಊರೂರು ತಿರುಗುವ ಕಲಾವಿದರು. ಔಷಧಿ ಮಾರುವ ತಂಡದ ಜೊತೆ ಹೋಗುತ್ತಿದ್ದರು. ಮೊದಲು ಹಾಡು, ಕುಣಿತ, ತಮಾಷೆ ತೋರಿಸಿ ಜನ ಸೇರಿಸೋದು, ಆಮೇಲೆ ಸರ್ವರೋಗಕ್ಕೂ ಒಂದೇ ಬಾಟಲಿ ಮಾರೋದು. ಹಾಗೆ ತಿರುಗುತ್ತಿದ್ದಾಗ ಕ್ಯಾನ್ಸಾಸ್ ರಾಜ್ಯದ ಪಿಕ್ವಾ ಎಂಬ ಪುಟ್ಟ ಊರಿನಲ್ಲಿ ಮಗು ಹುಟ್ಟಿತು. ಅದು ಕೀಟನ್‌ನ ಊರು ಅಂತ ಹೇಳೋದು ಲೆಕ್ಕಕ್ಕೆ ಮಾತ್ರ.

'ಬಸ್ಟರ್' ಅಂತ ಹೆಸರಿಟ್ಟಿದ್ದು ಜಾದೂಗಾರ ಹೂಡಿನಿಯಂತೆ, ನಿಜವಾ?

ಕಥೆ ಚೆನ್ನಾಗಿದೆ. ಮಗು ಮೆಟ್ಟಿಲ ಮೇಲಿಂದ ಉರುಳಿ ಬಿತ್ತು, ಏನೂ ಆಗದೆ ಎದ್ದು ಕೂತಿತು, ಅಲ್ಲೇ ಇದ್ದ ಹೂಡಿನಿ 'ಬಸ್ಟರ್' (ಆಗಿನ ಆಡುಮಾತಿನಲ್ಲಿ ಜೋರಾಗಿ ಬೀಳೋದು) ಎಂದು ಕರೆದ. ಹೂಡಿನಿ ಈ ಕುಟುಂಬದ ಜೊತೆ ಕೆಲಸ ಮಾಡಿದ್ದು ನಿಜ. ಆದರೆ ಇದೇ ಕಥೆಯ ಹಳೆಯ ರೂಪಗಳಲ್ಲಿ ಬೇರೊಬ್ಬ ನಟನ ಹೆಸರಿದೆ. ಹೂಡಿನಿ ಜಗತ್ಪ್ರಸಿದ್ಧನಾದ ಮೇಲೆ ಕಥೆಯೂ ಅವನ ಕಡೆ ವಾಲಿತು. ಅಪ್ಪ ಜೋ ಕೀಟನ್ ಪತ್ರಿಕೆಯವರಿಗೆ ಕಥೆ ಕಟ್ಟಿ ಹೇಳುವುದರಲ್ಲಿ ಎತ್ತಿದ ಕೈ. ಮಗನ ಬಾಲ್ಯದ ಬಗ್ಗೆ ಅವನು ಹೇಳಿದ್ದನ್ನೆಲ್ಲ ಅರ್ಧಕ್ಕರ್ಧ ಕಡಿಮೆ ಮಾಡಿ ನಂಬುವುದು ಒಳ್ಳೆಯದು.

ಚಿಕ್ಕ ಮಗುವನ್ನು ಸ್ಟೇಜ್ ಮೇಲೆ ಎತ್ತಿ ಎಸೆಯುತ್ತಿದ್ದರಂತೆ?

ಹೌದು, ಇದು ಕಟ್ಟುಕಥೆ ಅಲ್ಲ. 'ದಿ ತ್ರೀ ಕೀಟನ್ಸ್' ಎಂಬ ಹೆಸರಿನಲ್ಲಿ ಅಪ್ಪ, ಅಮ್ಮ, ಮಗ ಮೂವರೂ ವಾಡೆವಿಲ್ (ಹಾಡು, ಕುಣಿತ, ತಮಾಷೆಯ ತುಣುಕುಗಳನ್ನು ಒಂದರ ಹಿಂದೊಂದು ತೋರಿಸುವ ಪ್ರದರ್ಶನ) ರಂಗಮಂದಿರಗಳಲ್ಲಿ ಆಟ ಆಡುತ್ತಿದ್ದರು. ಅಮ್ಮ ಒಂದು ಕಡೆ ಸ್ಯಾಕ್ಸೋಫೋನ್ ನುಡಿಸುತ್ತಿರುತ್ತಿದ್ದಳು. ಮಗ ಅಪ್ಪನಿಗೆ ಎದುರಾಡುತ್ತಿದ್ದ. ಅಪ್ಪ ಅವನನ್ನು ಎತ್ತಿ ಸೆಟ್ಟಿನ ಮೇಲೆ, ವಾದ್ಯದವರ ಮೇಲೆ, ಕೆಲವೊಮ್ಮೆ ಪ್ರೇಕ್ಷಕರ ಕಡೆಗೇ ಎಸೆಯುತ್ತಿದ್ದ. ಹಿಡಿದು ಬೀಸಲು ಅನುಕೂಲವಾಗಲಿ ಎಂದು ಹುಡುಗನ ಕೋಟಿನ ಬೆನ್ನಿಗೆ ಸೂಟ್‌ಕೇಸಿನ ಹಿಡಿಕೆಯನ್ನೇ ಹೊಲಿದಿದ್ದರು.

ನ್ಯೂಯಾರ್ಕಿನ ಮಕ್ಕಳ ರಕ್ಷಣಾ ಸಂಘದವರು ಈ ಕುಟುಂಬದ ಬೆನ್ನುಬಿದ್ದಿದ್ದರು. ಹುಡುಗನ ಮೈಮೇಲೆ ಗಾಯ ಇದೆಯಾ ಎಂದು ಪರೀಕ್ಷೆ ಮಾಡಿಸಿದ್ದೂ ಉಂಟು. ಕೀಟನ್ ದೊಡ್ಡವನಾದ ಮೇಲೂ ಅಪ್ಪನ ಪರವಾಗಿಯೇ ಮಾತಾಡುತ್ತಿದ್ದ. ಬೀಳುವ ವಿದ್ಯೆ ಗೊತ್ತಿದ್ದರೆ ನೋವಾಗಲ್ಲ, ಅದನ್ನು ಎಳೆಯ ವಯಸ್ಸಿನಲ್ಲೇ ಕಲಿತೆ ಅನ್ನುತ್ತಿದ್ದ. ವಿದ್ಯೆ ಕಲಿತಿದ್ದು ಸುಳ್ಳಲ್ಲ. ಆದರೆ ಅಪ್ಪನ ಕುಡಿತ ಜಾಸ್ತಿಯಾದ ಹಾಗೆ ಎಸೆತದ ಲೆಕ್ಕ ತಪ್ಪತೊಡಗಿತು ಅನ್ನುವುದೂ ಅಷ್ಟೇ ನಿಜ. 1917ರ ಹೊತ್ತಿಗೆ ಅಮ್ಮ, ಮಗ ಇಬ್ಬರೂ ಸಾಕಪ್ಪಾ ಸಾಕು ಎಂದು ಆ ಆಟ ಬಿಟ್ಟು ಹೊರಟರು.

ಮುಖದಲ್ಲಿ ನಗು ಯಾಕಿಲ್ಲ? ದುಃಖದ ಮನುಷ್ಯನಾ?

ಎಲ್ಲರೂ ಮೊದಲು ಕೇಳೋದೇ ಇದು. ಕಾರಣ ಬಹಳ ಸರಳ. ಅಪ್ಪ ಎಸೆದಾಗ ತಾನೂ ನಕ್ಕರೆ ಜನ ನಗುವುದಿಲ್ಲ, ಗಂಭೀರವಾಗಿದ್ದರೆ ಬಿದ್ದು ಬಿದ್ದು ನಗುತ್ತಾರೆ ಅನ್ನೋದನ್ನು ಆ ಹುಡುಗ ಸ್ಟೇಜಿನ ಮೇಲೇ ಕಂಡುಕೊಂಡ. ಬರಬರುತ್ತಾ ಅದೇ ಅಭ್ಯಾಸವಾಯಿತು. ಸಿನಿಮಾಕ್ಕೆ ಬಂದ ಹೊಸದರಲ್ಲಿ ಅವನು ನಕ್ಕಿದ್ದಾನೆ ಕೂಡ. 1917ರ 'ಕೋನಿ ಐಲ್ಯಾಂಡ್' ನೋಡಿ, ಹಲ್ಲು ಕಿರಿದು ನಗುತ್ತಾನೆ. ನೋಡಲು ಒಂಥರಾ ವಿಚಿತ್ರ ಅನ್ನಿಸುತ್ತೆ.

ಪತ್ರಿಕೆಯವರು 'ಕಲ್ಲುಮುಖ' ಎಂದು ಹೆಸರಿಟ್ಟರು. ಅದು ಅಷ್ಟು ಸರಿಯಲ್ಲ. ಕಣ್ಣು ನೋಡಿ, ಸದಾ ಕೆಲಸ ಮಾಡುತ್ತಿರುತ್ತೆ. ಮುಂದೆ ಏನು ಬರಲಿದೆ, ಎಲ್ಲಿ ಕಾಲಿಡಬೇಕು, ಯಾವ ಹಗ್ಗ ಹಿಡಿಯಬೇಕು ಎಂದು ಅಳೆಯುತ್ತಿರುತ್ತೆ. ಅದು ಕಷ್ಟದ ಲೆಕ್ಕ ಬಿಡಿಸುತ್ತಾ ಕೂತ ಹುಡುಗನ ಮುಖ. ಅಲ್ಲಿ ದುಃಖ ಹುಡುಕುವವರು ಅವನ ಖಾಸಗಿ ಬದುಕಿನ ಕಥೆ ಮೊದಲೇ ಓದಿಕೊಂಡು ಬಂದಿರುತ್ತಾರೆ.

ಸಿನಿಮಾಕ್ಕೆ ಬಂದಿದ್ದು ಹೇಗೆ?

1917ರಲ್ಲಿ ನ್ಯೂಯಾರ್ಕಿನಲ್ಲಿ ರಾಸ್ಕೋ ಅರ್ಬಕಲ್‌ನ ಸ್ಟುಡಿಯೋ ನೋಡಲು ಹೋದ. ಅರ್ಬಕಲ್ ಆಗ ದೊಡ್ಡ ಸ್ಟಾರ್. ಬಂದವನನ್ನು 'ದಿ ಬುಚರ್ ಬಾಯ್' ಚಿತ್ರದ ಒಂದು ದೃಶ್ಯಕ್ಕೆ ನಿಲ್ಲಿಸಿಕೊಂಡ. ಅಂಗಡಿಗೆ ಕಾಕಂಬಿ ತಗೊಳ್ಳಲು ಬರುವ ಗಿರಾಕಿಯ ಪಾತ್ರ. ಟೋಪಿಯಲ್ಲಿ ಕಾಕಂಬಿ ತುಂಬಿಕೊಳ್ಳುತ್ತೆ, ಟೋಪಿ ತಲೆಗೆ ಅಂಟುತ್ತೆ, ಕಾಲು ನೆಲಕ್ಕೆ ಅಂಟುತ್ತೆ. ಮೊದಲ ಚಿತ್ರದಲ್ಲೇ ಟೋಪಿಯ ತಮಾಷೆ!

ಕೀಟನ್‌ಗೆ ಹಿಡಿಸಿದ್ದು ಮಾತ್ರ ಕ್ಯಾಮೆರಾ. ಅದನ್ನು ಕೇಳಿ ತಗೊಂಡು ಹೋಗಿ ಬಿಚ್ಚಿ ನೋಡಿ ಮತ್ತೆ ಜೋಡಿಸಿದೆ ಎಂದು ಅವನೇ ಹೇಳಿಕೊಂಡಿದ್ದಾನೆ. ನ್ಯೂಯಾರ್ಕಿನ ನಾಟಕರಂಗ ಬ್ರಾಡ್‌ವೇಯಲ್ಲಿ ವಾರಕ್ಕೆ 250 ಡಾಲರ್ ಸಿಗುವ ಕೆಲಸ ಕಾದಿತ್ತು. ಅದನ್ನು ಬಿಟ್ಟು ವಾರಕ್ಕೆ 40 ಡಾಲರಿಗೆ ಅರ್ಬಕಲ್ ಜೊತೆ ಸೇರಿಕೊಂಡ. ನಡುವೆ ಮೊದಲ ಮಹಾಯುದ್ಧಕ್ಕೆ ಸೈನಿಕನಾಗಿ ಫ್ರಾನ್ಸ್‌ಗೆ ಹೋಗಿ ಬಂದ. ಅಲ್ಲಿ ಆದ ಸೋಂಕಿನಿಂದ ಒಂದು ಕಿವಿ ಮಂದವಾಯಿತು.

ಅರ್ಬಕಲ್ ಮೇಲೆ ಏನೋ ಕೇಸ್ ಆಗಿತ್ತಲ್ಲ?

1921ರಲ್ಲಿ ಒಬ್ಬ ನಟಿಯ ಸಾವಿನ ಆರೋಪ ಬಂತು. ಮೂರು ಸಲ ವಿಚಾರಣೆ ನಡೆದು 1922ರಲ್ಲಿ ನಿರ್ದೋಷಿ ಎಂದು ತೀರ್ಪಾಯಿತು. ಅಷ್ಟರಲ್ಲಿ ವೃತ್ತಿ ಮುಗಿದಿತ್ತು. ಕೀಟನ್ ಕೊನೆಯವರೆಗೂ ಅವನ ಪಕ್ಷ ಬಿಡಲಿಲ್ಲ.

ಸ್ಟಂಟ್ ಎಲ್ಲಾ ಅವನೇ ಮಾಡಿದ್ದಾ? ಡ್ಯೂಪ್ ಇರಲಿಲ್ವಾ?

ಹೆಚ್ಚುಕಮ್ಮಿ ಎಲ್ಲಾ ಅವನದೇ. ಎಲ್ಲರಿಗೂ ಗೊತ್ತಿರುವ ಒಂದು ಅಪವಾದ 1927ರ 'ಕಾಲೇಜ್' ಚಿತ್ರದ್ದು. ಉದ್ದನೆಯ ಕೋಲು ಊರಿ ಮಹಡಿಯ ಕಿಟಕಿಯೊಳಗೆ ಹಾರುವ ಶಾಟ್ ಅದು. ಅದಕ್ಕೆ ಒಲಿಂಪಿಕ್ ಚಿನ್ನ ಗೆದ್ದಿದ್ದ ಪೋಲ್‌ವಾಲ್ಟ್ ಆಟಗಾರ ಲೀ ಬಾರ್ನ್ಸ್‌ನನ್ನು ಕರೆಸಿದ್ದರು. ತಮಾಷೆ ಅಂದರೆ, ಕೀಟನ್ ಬೇರೆಯವರಿಗೆ ಡ್ಯೂಪ್ ಆಗಿದ್ದಾನೆ. 'ಶರ್ಲಾಕ್ ಜೂನಿಯರ್'ನಲ್ಲಿ (1924) ಮೋಟಾರ್ ಬೈಕಿನಿಂದ ಬೀಳುವ ಸಹಾಯಕ ಇದ್ದಾನಲ್ಲ, ಆ ಬೀಳೋದು ಕೀಟನ್‌ದೇ. ಆಮೇಲೆ ಹ್ಯಾಂಡಲ್ ಮೇಲೆ ಕೂತು ಹೋಗುವವನೂ ಅವನೇ.

ಅದೇ ಚಿತ್ರದಲ್ಲಿ ರೈಲ್ವೆ ನೀರಿನ ಟ್ಯಾಂಕಿನ ಕೊಳವೆ ಹಿಡಿದು ನೇತಾಡುವ ದೃಶ್ಯ ಇದೆ. ನೀರು ರಭಸವಾಗಿ ಸುರಿದು ಅವನನ್ನು ಹಳಿ ಮೇಲೆ ಕೆಡವಿತು. ಕೆಲವು ದಿನ ತಲೆನೋವು ಅಂತ ಒದ್ದಾಡಿದ, ಆಮೇಲೆ ಮರೆತ. ಎಷ್ಟೋ ವರ್ಷದ ನಂತರ ಬೇರೇನಕ್ಕೋ ಎಕ್ಸ್‌ರೇ ತೆಗೆದಾಗ, ನಿಮ್ಮ ಕುತ್ತಿಗೆಯ ಮೂಳೆ ಯಾವಾಗ ಮುರಿದಿತ್ತು ಎಂದು ಡಾಕ್ಟರ್ ಕೇಳಿದರಂತೆ. ಆ ಶಾಟ್ ಚಿತ್ರದಲ್ಲಿ ಹಾಗೇ ಇದೆ. ಬಿದ್ದವನು ಎದ್ದು ಓಡುತ್ತಾನೆ.

ಮನೆಯ ಗೋಡೆ ಮೈಮೇಲೆ ಬೀಳುತ್ತಲ್ಲ, ಅದು ಟ್ರಿಕ್ ಶಾಟಾ?

ಅಲ್ಲ. 1928ರ 'ಸ್ಟೀಮ್‌ಬೋಟ್ ಬಿಲ್ ಜೂನಿಯರ್', ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊ ನದಿ ದಡದಲ್ಲಿ ತೆಗೆದದ್ದು. ಚಂಡಮಾರುತದ ದೃಶ್ಯ. ಕೀಟನ್ ಮನೆಯ ಮುಂದೆ ಬೆನ್ನು ತಿರುಗಿಸಿ ನಿಂತಿದ್ದಾನೆ. ಮನೆಯ ಮುಂಭಾಗ ಇಡಿಯಾಗಿ ಬುಡದಿಂದ ಕಳಚಿ ಮುಂದಕ್ಕೆ ವಾಲುತ್ತೆ. ಮೇಲಿನ ಮಹಡಿಯ ತೆರೆದ ಕಿಟಕಿ ಸರಿಯಾಗಿ ಅವನು ನಿಂತ ಜಾಗಕ್ಕೆ ಬರುತ್ತೆ. ಧೂಳು ಎದ್ದಾಗ ಅವನು ನಿಂತೇ ಇರುತ್ತಾನೆ. ಒಂದು ಕ್ಷಣ ಸುತ್ತ ನೋಡಿ ಓಡುತ್ತಾನೆ.

ಗೋಡೆ ನಿಜವಾಗಿಯೂ ಭಾರದ್ದು. ಹಗುರ ಮಾಡಿದ್ದರೆ ಗಾಳಿಗೆ ಓರೆಯಾಗಿ ಬೀಳುತ್ತಿತ್ತು. ತಲೆ, ಭುಜದ ಆಚೆ ಈಚೆ ಉಳಿದಿದ್ದು ಕೆಲವೇ ಇಂಚು. ಕಾಲಿಡಬೇಕಾದ ಜಾಗವನ್ನು ನೆಲದಲ್ಲಿ ಗುರುತು ಮಾಡಿದ್ದರು. ಬುಡಕ್ಕೆ ಕೀಲು ಇದ್ದಿದ್ದರಿಂದ ಗೋಡೆ ಎಲ್ಲಿ ಬೀಳುತ್ತೆ ಅನ್ನೋದು ಮೊದಲೇ ಗೊತ್ತಿತ್ತು. ತಾನು ಅಲುಗಾಡಬಾರದು, ಅಷ್ಟೇ. ಶೂಟಿಂಗ್ ತಂಡದಲ್ಲಿ ಕೆಲವರು ಆ ಹೊತ್ತಿನಲ್ಲಿ ಮುಖ ತಿರುಗಿಸಿಕೊಂಡಿದ್ದರಂತೆ.

ಇನ್ನೊಂದು ವಿಷಯ ಗಮನಿಸಿ. ಈ ತಮಾಷೆ ಅವನಿಗೆ ಹೊಸದಲ್ಲ. ಅರ್ಬಕಲ್ ಜೊತೆ 1919ರಲ್ಲಿ ತೆಗೆದ 'ಬ್ಯಾಕ್ ಸ್ಟೇಜ್'ನಲ್ಲಿ ಒಂದು ಹಗುರ ಪರದೆ ಹೀಗೇ ಬೀಳುತ್ತೆ. 1920ರ 'ಒನ್ ವೀಕ್'ನಲ್ಲಿ ಒಂದು ಗೋಡೆ. 1928ಕ್ಕೆ ಇಡೀ ಮನೆ. ಒಂದೇ ಉಪಾಯವನ್ನು 9 ವರ್ಷ ಬೆಳೆಸಿಕೊಂಡು ಬಂದಿದ್ದಾನೆ.

ಸ್ಕ್ರಿಪ್ಟೇ ಇಲ್ಲದೆ ಸಿನಿಮಾ ತೆಗೆಯುತ್ತಿದ್ದರಾ?

ಬರೆದಿಟ್ಟ ಸ್ಕ್ರಿಪ್ಟ್ ಇರುತ್ತಿರಲಿಲ್ಲ. ಕ್ಲೈಡ್ ಬ್ರಕ್‌ಮನ್, ಜೀನ್ ಹ್ಯಾವೆಜ್ ಥರದ ಬರಹಗಾರರ ಜೊತೆ ಕೂತು ಶುರು ಹೇಗೆ, ಕೊನೆ ಹೇಗೆ ಅನ್ನೋದು ಗಟ್ಟಿ ಮಾಡಿಕೊಳ್ಳುತ್ತಿದ್ದ. ಅವೆರಡು ಸಿಕ್ಕರೆ ನಡುವಿನದು ತಾನಾಗಿ ಬರುತ್ತೆ ಎಂಬ ನಂಬಿಕೆ. ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ಶೂಟಿಂಗ್ ನಿಲ್ಲಿಸಿ ಎಲ್ಲರೂ ಬೇಸ್‌ಬಾಲ್ ಆಡುತ್ತಿದ್ದರು. ಆಟದ ಮಧ್ಯೆ ಯಾರಿಗಾದರೂ ಉಪಾಯ ಹೊಳೆಯುತ್ತಿತ್ತು.

ಚಿತ್ರ ಮುಗಿದ ಮೇಲೆ ಜನರಿಗೆ ತೋರಿಸಿ ನೋಡುವುದೂ ಇತ್ತು. 'ಸೆವೆನ್ ಚಾನ್ಸಸ್' (1925) ಕೊನೆಯಲ್ಲಿ ನಾಯಕ ಗುಡ್ಡ ಇಳಿದು ಓಡುತ್ತಾನೆ. ಅವನ ಕಾಲಿಗೆ ತಗುಲಿ ಒಂದೆರಡು ಕಲ್ಲು ಉರುಳಿದವು. ಅದು ಬೇಕೆಂದು ಮಾಡಿದ್ದಲ್ಲ. ಜನ ಅಲ್ಲಿ ನಕ್ಕರು. ಕೀಟನ್ ವಾಪಸ್ ಹೋಗಿ ನೂರಾರು ನಕಲಿ ಬಂಡೆ ಮಾಡಿಸಿ ಇಡೀ ಓಟವನ್ನು ಮತ್ತೆ ತೆಗೆದ. ಇವತ್ತು ಆ ಚಿತ್ರ ನೆನಪಿರೋದೇ ಆ ಬಂಡೆಗಳಿಂದ.

ಕ್ಯಾಮೆರಾ ಟ್ರಿಕ್ ಉಪಯೋಗಿಸಲೇ ಇಲ್ವಾ ಹಾಗಾದರೆ?

ಉಪಯೋಗಿಸಿದ್ದಾನೆ, ಆದರೆ ಟ್ರಿಕ್ ಅಂತ ಗೊತ್ತಾಗುವ ಕಡೆ ಮಾತ್ರ. ಮೈಗೆ ಪೆಟ್ಟಾಗುವ ತಮಾಷೆಗಳಲ್ಲಿ ದೂರದಿಂದ ಪೂರ್ತಿ ದೇಹ ಕಾಣುವ ಹಾಗೆ, ಮಧ್ಯೆ ಕತ್ತರಿಸದೆ ತೋರಿಸುತ್ತಿದ್ದ. ಕತ್ತರಿಸಿದರೆ ಜನಕ್ಕೆ ಅನುಮಾನ ಬರುತ್ತೆ ಅನ್ನೋದು ಅವನ ಲೆಕ್ಕ.

ಟ್ರಿಕ್ಕಿಗೆ ಒಳ್ಳೆಯ ಉದಾಹರಣೆ 1921ರ 'ದಿ ಪ್ಲೇಹೌಸ್'. ಒಂದೇ ಫ್ರೇಮಿನಲ್ಲಿ 9 ಜನ ಕೀಟನ್‌ಗಳು ಸಾಲಾಗಿ ಕೂತಿದ್ದಾರೆ. ಲೆನ್ಸಿನ ಮುಂದೆ 9 ಪಟ್ಟಿಯ ಮುಚ್ಚಳ. ಒಂದು ಪಟ್ಟಿ ತೆರೆದು ಒಬ್ಬ ಕೀಟನ್‌ನನ್ನು ತೆಗೆಯೋದು, ಫಿಲ್ಮ್ ಹಿಂದಕ್ಕೆ ಸುತ್ತೋದು, ಮುಂದಿನ ಪಟ್ಟಿ ತೆರೆಯೋದು. ಕ್ಯಾಮೆರಾ ಕೈಯಿಂದ ತಿರುಗಿಸುವ ಕಾಲ. 9 ಸಲವೂ ಒಂದೇ ವೇಗ ಇರಬೇಕು. ಅದನ್ನು ಸಾಧಿಸಿದ್ದು ಛಾಯಾಗ್ರಾಹಕ ಎಲ್ಜಿನ್ ಲೆಸ್ಲಿ. ಅವನ ಹೆಸರು ಜನ ಇನ್ನಷ್ಟು ಹೇಳಬೇಕಿತ್ತು.

'ದಿ ಜನರಲ್' ಅವನ ಅತ್ಯುತ್ತಮ ಚಿತ್ರ ಅನ್ನುತ್ತಾರೆ. ಸೋತಿದ್ದು ಯಾಕೆ?

1862ರಲ್ಲಿ ಅಮೆರಿಕದ ಅಂತರ್ಯುದ್ಧದಲ್ಲಿ ನಡೆದ ರೈಲು ಅಪಹರಣದ ಘಟನೆ ಅದರ ಮೂಲ. ಒರೆಗಾನ್ ರಾಜ್ಯದ ಕಾಟೇಜ್ ಗ್ರೋವ್‌ನಲ್ಲಿ ಶೂಟಿಂಗ್. ಎರಡೂ ಕಡೆಯ ಸೈನಿಕರಾಗಿ ಒರೆಗಾನ್ ರಾಜ್ಯದ ಅದೇ ಗಾರ್ಡ್ ಪಡೆಯವರೇ ಸಮವಸ್ತ್ರ ಬದಲಿಸಿ ನಟಿಸಿದರು. ಉರಿಯುವ ಸೇತುವೆ ಮೇಲಿಂದ ನಿಜವಾದ ಉಗಿಬಂಡಿಯನ್ನು ನದಿಗೆ ಕೆಡವಿದರು. ಆ ಒಂದು ಶಾಟ್‌ಗೆ 42,000 ಡಾಲರ್ ಖರ್ಚಾಯಿತು ಎಂದು ಹೇಳುವುದುಂಟು. ಮೂಕಿ ಕಾಲದ ಅತಿ ದುಬಾರಿ ಶಾಟ್ ಅಂತಲೂ. ಬಿದ್ದ ಎಂಜಿನ್ ಎರಡನೇ ಮಹಾಯುದ್ಧದ ಕಾಲದಲ್ಲಿ ಗುಜರಿಗೆ ಹೋಗುವ ತನಕ ನದಿಯಲ್ಲೇ ಇತ್ತು.

ಆದರೆ ನನಗೆ ಇಷ್ಟ ಬೇರೆಯದು. ನಾಯಕ ಬೇಜಾರಿನಲ್ಲಿ ಎಂಜಿನ್ನಿನ ಚಕ್ರಗಳನ್ನು ಜೋಡಿಸುವ ಉದ್ದನೆಯ ಸರಳಿನ ಮೇಲೆ ಕೂತಿದ್ದಾನೆ. ಎಂಜಿನ್ ಮೆಲ್ಲಗೆ ಹೊರಡುತ್ತೆ. ಸರಳು ಅವನನ್ನು ಮೇಲಕ್ಕೆ, ಕೆಳಕ್ಕೆ ಎತ್ತಿ ಇಳಿಸುತ್ತೆ. ಅವನಿಗೆ ಗೊತ್ತೇ ಆಗಿಲ್ಲ. ಚಾಲಕ ಸ್ವಲ್ಪ ಉಗಿ ಜಾಸ್ತಿ ಬಿಟ್ಟು ಚಕ್ರ ಗಿರ್ರನೆ ತಿರುಗಿದ್ದರೆ ಕೀಟನ್ ಉಳಿಯುತ್ತಿರಲಿಲ್ಲ. ನೋಡಲು ಎಷ್ಟು ಸಣ್ಣ ತಮಾಷೆ, ಅಲ್ವಾ?

ಚಿತ್ರ ಮೊದಲು ತೆರೆ ಕಂಡಿದ್ದು 1926ರ ಕೊನೆಯ ದಿನ, ಟೋಕಿಯೋದಲ್ಲಿ. ಅಮೆರಿಕದಲ್ಲಿ ವಿಮರ್ಶಕರು ಮೂಗು ಮುರಿದರು. ಯುದ್ಧದಲ್ಲಿ ಜನ ಸಾಯುವುದನ್ನು ಇಟ್ಟುಕೊಂಡು ನಗಿಸುವುದು ಸರಿ ಕಾಣಲಿಲ್ಲ. ಖರ್ಚು ವಿಪರೀತ, ಗಳಿಕೆ ಸಾಲಲಿಲ್ಲ. 1989ರಲ್ಲಿ ಅಮೆರಿಕ ಸರ್ಕಾರ ಉಳಿಸಿಕೊಳ್ಳಬೇಕಾದ ಚಿತ್ರಗಳ ಪಟ್ಟಿ ಶುರು ಮಾಡಿದಾಗ ಮೊದಲ 25ರಲ್ಲೇ ಇದು ಸೇರಿತು.

ಟಾಕಿ ಚಿತ್ರ ಬಂದಿದ್ದಕ್ಕೆ ಮೂಲೆಗುಂಪಾದನಾ?

ಎಲ್ಲರೂ ಹಾಗೇ ಅಂದುಕೊಂಡಿದ್ದಾರೆ, ಅದು ತಪ್ಪು. ದನಿ ಚೆನ್ನಾಗಿಯೇ ಇತ್ತು. ಸ್ಟೇಜಿನಲ್ಲಿ ಬೆಳೆದವನಿಗೆ ಮಾತಿನ ಭಯ ಎಲ್ಲಿಂದ ಬರಬೇಕು? ಅವನ ಮೊದಲ ಟಾಕಿಗಳು ಹಣವನ್ನೂ ಮಾಡಿದವು. ಕಳೆದುಕೊಂಡಿದ್ದು ಸ್ವಾತಂತ್ರ್ಯವನ್ನು.

ಅಲ್ಲಿಯವರೆಗೆ ಅವನ ನಿರ್ಮಾಪಕ ಜೋಸೆಫ್ ಶೆಂಕ್. ಸಂಬಂಧದಲ್ಲಿ ಷಡ್ಡಕ. ಕೀಟನ್‌ನ ಹೆಂಡತಿ ನಟಾಲಿ ಟಾಲ್ಮಡ್ಜ್‌ಳ ಅಕ್ಕ, ಆ ಕಾಲದ ದೊಡ್ಡ ತಾರೆ ನಾರ್ಮಾ, ಶೆಂಕ್‌ನ ಹೆಂಡತಿ. ಶೆಂಕ್ ಸೆಟ್ಟಿನ ಕಡೆ ತಲೆ ಹಾಕುತ್ತಿರಲಿಲ್ಲ. 1928ರಲ್ಲಿ ಅವನ ಮಾತು ಕೇಳಿಯೇ ಕೀಟನ್ ಎಂಜಿಎಂ ಎಂಬ ದೊಡ್ಡ ಸಿನಿಮಾ ಕಂಪನಿಗೆ ಸೇರಿದ. ಚಾಪ್ಲಿನ್, ಲಾಯ್ಡ್ ಇಬ್ಬರೂ ಬೇಡ ಎಂದಿದ್ದರು. ತನ್ನ ಬದುಕಿನ ಅತಿ ದೊಡ್ಡ ತಪ್ಪು ಅದೇ ಎಂದು ಆಮೇಲೆ ಕೀಟನ್ ಬರೆದ.

ಎಂಜಿಎಂನಲ್ಲಿ ಮೊದಲು ಮಾಡಿದ 'ದಿ ಕ್ಯಾಮೆರಾಮನ್' (1928) ಚೆನ್ನಾಗಿದೆ. ಆಮೇಲೆ ಎಲ್ಲವೂ ಬರಹದಲ್ಲಿ ಮೊದಲೇ ಮಂಜೂರಾಗಬೇಕು, ಅಪಾಯದ ಸ್ಟಂಟ್ ಮಾಡುವಂತಿಲ್ಲ, ಬೇಸ್‌ಬಾಲ್ ಅಂತೂ ಇಲ್ಲವೇ ಇಲ್ಲ. ವಟವಟ ಮಾತಾಡುವ ಹಾಸ್ಯನಟ ಜಿಮ್ಮಿ ಡ್ಯುರಾಂಟಿಯ ಪಕ್ಕ ನಿಲ್ಲಿಸಿದರು. 1933ರಲ್ಲಿ ಕೆಲಸದಿಂದಲೇ ತೆಗೆದುಹಾಕಿದರು.

ಕುಡಿತ, ಮದುವೆ, ಆಸ್ತಿ?

ಆ ಹೊತ್ತಿಗೆ ಕುಡಿತ ಮಿತಿ ಮೀರಿತ್ತು. 1932ರಲ್ಲಿ ನಟಾಲಿಯಿಂದ ವಿಚ್ಛೇದನ. ಬೆವರ್ಲಿ ಹಿಲ್ಸ್‌ನ ಭಾರಿ ಬಂಗಲೆ ಹೋಯಿತು, ಇಬ್ಬರು ಗಂಡುಮಕ್ಕಳು ತಾಯಿಯ ಪಾಲಾದರು. ಅವರ ಅಡ್ಡಹೆಸರನ್ನೂ ಬದಲಿಸಿದರು. ಎರಡನೇ ಮದುವೆ ಮೂರು ವರ್ಷಕ್ಕೆ ಮುಗಿಯಿತು. 1940ರಲ್ಲಿ ನರ್ತಕಿ ಎಲೀನರ್ ನಾರಿಸ್‌ಳನ್ನು ಮದುವೆಯಾದ. ಅವಳಿಗೆ 21, ಅವನಿಗೆ 44. ತುಂಬಾ ಜನ ಬುದ್ಧಿ ಹೇಳಿದರು. ಆ ಮದುವೆಯೇ ಕೊನೆಯವರೆಗೆ ಉಳಿದದ್ದು.

ಮರೆತುಹೋಗಿದ್ದವನು ಮತ್ತೆ ಹೇಗೆ ಬೆಳಕಿಗೆ ಬಂದ?

ಪೂರ್ತಿ ಮಾಯವಾಗಿರಲಿಲ್ಲ. ಸಣ್ಣ ಕಂಪನಿಗಳಿಗೆ ಕಿರುಚಿತ್ರ ಮಾಡಿದ. ಹೊರಹಾಕಿದ ಎಂಜಿಎಂನಲ್ಲೇ ವಾರಕ್ಕೆ 100 ಡಾಲರಿಗೆ ಬೇರೆಯವರ ಚಿತ್ರಗಳಿಗೆ ತಮಾಷೆ ಹೊಸೆದುಕೊಟ್ಟ. 1947ರಲ್ಲಿ ಪ್ಯಾರಿಸ್‌ನ ಸಿರ್ಕ್ ಮೆದ್ರಾನೋ ಸರ್ಕಸ್ಸಿನಲ್ಲಿ ಆಡಿ ಗೆದ್ದ. 1949ರಲ್ಲಿ ವಿಮರ್ಶಕ ಜೇಮ್ಸ್ ಏಜಿ 'ಲೈಫ್' ಪತ್ರಿಕೆಯಲ್ಲಿ ಮೂಕಿ ಹಾಸ್ಯದ ಬಗ್ಗೆ ಬರೆದ ಲೇಖನ ಜನರ ಕಣ್ಣು ತೆರೆಸಿತು. ಟೆಲಿವಿಷನ್ ಬಂದ ಮೇಲಂತೂ ಕೈತುಂಬಾ ಕೆಲಸ.

ಹಳೆಯ ಚಿತ್ರಗಳು ಸಿಕ್ಕಿದ್ದೂ ಅದೃಷ್ಟವೇ. ಅವನ ಹಳೆಯ ಬಂಗಲೆ ಕೊಂಡಿದ್ದ ನಟ ಜೇಮ್ಸ್ ಮೇಸನ್‌ಗೆ ಅಲ್ಲಿ ಫಿಲ್ಮ್ ಡಬ್ಬಿಗಳು ಸಿಕ್ಕವು. ರೇಮಂಡ್ ರೋಹಾರ್ ಎಂಬ ಸಂಗ್ರಾಹಕ ಉಳಿದವನ್ನು ಹುಡುಕಿ ಮತ್ತೆ ಪ್ರದರ್ಶನಕ್ಕೆ ತಂದ. 1960ರಲ್ಲಿ ಗೌರವ ಆಸ್ಕರ್ ಬಂತು. 1965ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಚಾಪ್ಲಿನ್‌ಗೆ ಕೀಟನ್ ಕಂಡರೆ ಹೊಟ್ಟೆಕಿಚ್ಚಂತೆ?

1952ರ 'ಲೈಮ್‌ಲೈಟ್'ನಲ್ಲಿ ಕೀಟನ್‌ನ ಒಳ್ಳೆಯ ಶಾಟ್‌ಗಳನ್ನು ಚಾಪ್ಲಿನ್ ಕತ್ತರಿಸಿ ಹಾಕಿದ ಎಂಬ ಕಥೆ ಓಡಾಡುತ್ತೆ. ಅದಕ್ಕೆ ಗಟ್ಟಿ ಆಧಾರ ಇಲ್ಲ. ಇಬ್ಬರೂ ಒಟ್ಟಿಗೆ ನಟಿಸಿದ ಆ ದೃಶ್ಯ ನೋಡಿ, ಜಗಳ ಆಮೇಲೆ ಆಡೋಣ.

ಆ ಟೋಪಿ ಎಲ್ಲಿ ಸಿಗುತ್ತಿತ್ತು?

ಅಂಗಡಿಯಲ್ಲಿ ಅಲ್ಲ, ತಾನೇ ಮಾಡಿಕೊಳ್ಳುತ್ತಿದ್ದ. ಒಂದು ಸ್ಟೆಟ್ಸನ್ ಟೋಪಿ (ಅಗಲ ಅಂಚಿನ ಉಣ್ಣೆಯ ಟೋಪಿ) ತಗೊಂಡು ಕತ್ತರಿಸಿ ಗಿಡ್ಡ ಮಾಡೋದು. ಒಂದು ಟೀ ಕಪ್ ಬೆಚ್ಚನೆಯ ನೀರಿಗೆ ಮೂರು ತುಂಬು ಚಮಚ ಸಕ್ಕರೆ ಕರಗಿಸೋದು. ಟೋಪಿಯ ಅಂಚಿಗೆ ಮೇಲೆ ಕೆಳಗೆ ಅದನ್ನು ಸವರಿ, ಚಪ್ಪಟೆಯಾಗಿ ಒತ್ತಿ ಒಣಗಿಸಿದರೆ ಅಂಚು ಸೆಟೆದು ನಿಲ್ಲುತ್ತೆ. ಒಂದೊಂದು ಚಿತ್ರಕ್ಕೆ ಹಲವು ಟೋಪಿ ಹಾಳಾಗುತ್ತಿದ್ದವು. ನೀರಿಗೆ ಬೀಳುವ ದೃಶ್ಯ ಇದ್ದರಂತೂ ಕೇಳೋದೇ ಬೇಡ.

ಕೊನೆಗಾಲ ಹೇಗಿತ್ತು?

ನೆಮ್ಮದಿಯದು. 1957ರಲ್ಲಿ ಅವನ ಜೀವನದ ಬಗ್ಗೆಯೇ ಒಂದು ಚಿತ್ರ ಬಂತು. ಚಿತ್ರ ಸುಮಾರು, ಅವನ ಬದುಕಿಗೂ ಅದಕ್ಕೂ ಸಂಬಂಧ ಕಡಿಮೆ. ಆದರೆ ಅದರ ಹಕ್ಕಿಗೆ ಸಿಕ್ಕ 50,000 ಡಾಲರಿನಲ್ಲಿ ಲಾಸ್ ಏಂಜಲಿಸ್‌ನ ವುಡ್‌ಲ್ಯಾಂಡ್ ಹಿಲ್ಸ್‌ನಲ್ಲಿ ಮನೆ ಕೊಂಡ. ಕೋಳಿ ಸಾಕಿದ, ಆಟದ ರೈಲು ಜೋಡಿಸಿದ. ಶ್ವಾಸಕೋಶದ ಕ್ಯಾನ್ಸರ್ ಆಗಿತ್ತು. ಅದು ವಾಸಿಯಾಗಲ್ಲ ಅನ್ನೋದನ್ನು ಅವನಿಗೆ ಹೇಳಿರಲಿಲ್ಲ. ಕೊನೆಯ ದಿನಗಳಲ್ಲೂ ಇಸ್ಪೀಟ್ ಆಡುತ್ತಿದ್ದ.

ಇವತ್ತು ನೋಡುವಾಗ ಹಿಡಿಸದ ಸಂಗತಿಗಳು ಇವೆಯಾ?

ಇವೆ. ಕೆಲವು ಚಿತ್ರಗಳಲ್ಲಿ ಬಿಳಿಯರು ಮುಖಕ್ಕೆ ಕಪ್ಪು ಬಳಿದುಕೊಂಡು ಕಪ್ಪು ಜನರನ್ನು ಅಣಕಿಸುವ ದೃಶ್ಯಗಳಿವೆ. ಮೇಲೆ ಹೊಗಳಿದ 'ದಿ ಪ್ಲೇಹೌಸ್'ನ 9 ಜನರ ಸಾಲೂ ಅಂಥದ್ದೇ. 'ದಿ ಜನರಲ್'ನ ನಾಯಕ ಗುಲಾಮಗಿರಿಯ ಪರ ಇದ್ದ ದಕ್ಷಿಣದ ಪಕ್ಷದವನು. ಚಿತ್ರದಲ್ಲಿ ಗುಲಾಮಗಿರಿಯ ಸುದ್ದಿಯೇ ಇಲ್ಲ. ಆ ಕಾಲ ಹಾಗಿತ್ತು ಅಂತ ಹಾರಿಸಿಬಿಡುವುದು ಬೇಡ. ಮಕ್ಕಳ ಜೊತೆ ನೋಡುವುದಾದರೆ ಮೊದಲೇ ಒಂದು ಮಾತು ಹೇಳಿ.

ಯಾವುದರಿಂದ ಶುರು ಮಾಡಲಿ?

'ಒನ್ ವೀಕ್'. ಹೊಸ ಗಂಡ ಹೆಂಡತಿ ಡಬ್ಬಿಯಲ್ಲಿ ಬಂದ ಮನೆಯನ್ನು ತಪ್ಪು ತಪ್ಪಾಗಿ ಜೋಡಿಸುವ ಕಥೆ, ಅರ್ಧ ಗಂಟೆಯೂ ಇಲ್ಲ. ಹಿಡಿಸಿದರೆ 'ಕಾಪ್ಸ್', ಆಮೇಲೆ 'ಶರ್ಲಾಕ್ ಜೂನಿಯರ್'. 'ದಿ ಜನರಲ್' ಮೊದಲೇ ನೋಡಬೇಡಿ. ಅದು ನಿಧಾನವಾಗಿ ಏರುವ ಚಿತ್ರ.

ಒಂದೇ ಚಿತ್ರ ಒಂದೊಂದು ಕಡೆ ಒಂದೊಂದು ಉದ್ದ ಇರುತ್ತಲ್ಲ, ಯಾಕೆ?

ಮೂಕಿ ಕಾಲದಲ್ಲಿ ಕ್ಯಾಮೆರಾ, ಪ್ರೊಜೆಕ್ಟರ್ ಎರಡಕ್ಕೂ ಒಂದೇ ನಿಗದಿ ವೇಗ ಇರಲಿಲ್ಲ. ಟಾಕಿ ಬಂದ ಮೇಲೆ ಸೆಕೆಂಡಿಗೆ 24 ಫ್ರೇಮ್ ಖಾಯಂ ಆಯಿತು. ನಿಧಾನವಾಗಿ ತೆಗೆದ ಚಿತ್ರವನ್ನು ಆ ವೇಗದಲ್ಲಿ ಓಡಿಸಿದರೆ ಜನ ಪಟಪಟ ಓಡಾಡುತ್ತಾರೆ, ಚಿತ್ರವೂ ಬೇಗ ಮುಗಿಯುತ್ತೆ. ಅವನ ಮೂಕಿ ಚಿತ್ರಗಳ ಹಕ್ಕುಸ್ವಾಮ್ಯ ಅಮೆರಿಕದಲ್ಲಿ ಹೆಚ್ಚುಕಮ್ಮಿ ಮುಗಿದಿರುವುದರಿಂದ ಯಾರು ಬೇಕಾದರೂ ಹೇಗೆ ಬೇಕಾದರೂ ಹಾಕುತ್ತಾರೆ. ಮಸುಕು ಪ್ರಿಂಟ್, ಸಂಬಂಧವಿಲ್ಲದ ಪಿಯಾನೋ ಇದ್ದರೆ ಅಲ್ಲೇ ಬಿಡಿ. ಹಳೆಯ ಸಿನಿಮಾ ಕಾಪಾಡುವ ಸಂಗ್ರಹಾಲಯಗಳು ಹೊಸದಾಗಿ ಸರಿಪಡಿಸಿದ ಪ್ರತಿ ಹುಡುಕಿ. ಕಣ್ಣು ಸ್ಪಷ್ಟವಾಗಿ ಕಾಣದ ಪ್ರಿಂಟಿನಲ್ಲಿ ಕೀಟನ್ ನೋಡಿದರೆ ಅರ್ಧ ಚಿತ್ರ ನೋಡಿದ ಹಾಗೆ.